ಬಂಗಾರದ ಅಕ್ಷರದ ಬೋರ್ಡು

ಗಾಲ್ಫ್ ಮೈದಾನದಲ್ಲಿ ನಗಬಾರದು ಅಂತ ಯಾವ ನಿಯಮವೂ ಇಲ್ಲ. ಆದರೂ ಅಲ್ಲಿ ನಗು ಬರುವುದು ಸರಿಯಾಗಿ ನಗಬಾರದ ಹೊತ್ತಿನಲ್ಲೇ. ನಮ್ಮ ಕಾಕಾನ ಜೊತೆ ಐದು ವರ್ಷ ಓಡಾಡಿದ ನನಗೆ ಇಂಥ ಪ್ರಸಂಗಗಳಿಗೆ ಬರವೇ ಇರಲಿಲ್ಲ. ಒಂದನ್ನು ನೆನೆದು ನಕ್ಕು ಮುಗಿಸುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಮೊದಲು ಪರಿಚಯ ಹೇಳಿಬಿಡುತ್ತೇನೆ. ನಾನು ಮೈಸೂರಿನವನು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಮನೆ, ಎಣ್ಣೆ ಕಂಪನಿಯೊಂದಕ್ಕೆ ಪೈಪುಗಳ ನಕ್ಷೆ ಹಾಕುವುದು ಕೆಲಸ. ಕಾಕಾ ಹುಬ್ಬಳ್ಳಿಯವರು, ಸ್ಟಾಫರ್ಡ್‌ನಲ್ಲಿ ಅವರದೊಂದು ದಿನಸಿ ಅಂಗಡಿ. ಅವರಿಗೂ ನನಗೂ ರಕ್ತಸಂಬಂಧವೇನಿಲ್ಲ. ಆ ಅಂಗಡಿಗೆ ಹೋಗುವ ಕನ್ನಡದವರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಒಂದು ಶನಿವಾರ ಬದನೆಕಾಯಿ ಆರಿಸುತ್ತಿದ್ದ ನನ್ನ ತೋಳು ಹಿಡಿದು ಕಾಕಾ ಕೇಳಿದರು, "ತಮ್ಮಾ, ನಿನ್ನ ಹೆಗಲು ಗಟ್ಟಿ ಅದಾವೇನು?"

ಅಕ್ಕಿ ಮೂಟೆ ಇಳಿಸಬೇಕೇನೋ ಅಂದುಕೊಂಡು ಹೂಂ ಅಂದೆ. ಇಳಿಸಿದ್ದೇನಿಲ್ಲ, ಹೊತ್ತಿದ್ದೇ. ಅವರ ಗಾಲ್ಫ್ ಚೀಲವನ್ನು, ಐದು ವರ್ಷ.

೧. ಬೂಟು ಬಿಚ್ಚಿದವರು

ಹ್ಯೂಸ್ಟನ್ನಿನಲ್ಲಿ ಒಂದು ಹಳೇ ಸಾರ್ವಜನಿಕ ಗಾಲ್ಫ್ ಮೈದಾನವಿದೆ. ಅದರ ಕ್ಲಬ್‌ಹೌಸಿನ ಹಾಲಿನಲ್ಲಿ ಗೋಡೆಯುದ್ದಕ್ಕೂ ಕಪ್ಪು ಮರದ ಬೋರ್ಡು, ಅದರ ತುಂಬ ಬಂಗಾರದ ಬಣ್ಣದಲ್ಲಿ ಹೆಸರುಗಳು. ಪ್ರತಿ ವರ್ಷ ಸೆಖೆ ಇಳಿದ ಮೇಲೆ ಅಲ್ಲೊಂದು ಚಾಂಪಿಯನ್‌ಶಿಪ್ ನಡೆಯುತ್ತದೆ. ಆಟಗಾರರನ್ನು ಕೈಚಳಕ ನೋಡಿ ಮೂರು ವರ್ಗ ಮಾಡುತ್ತಾರೆ. ಮೂರರಲ್ಲಿ ಯಾವುದನ್ನು ಗೆದ್ದರೂ ಹೆಸರು ಬೋರ್ಡಿಗೆ ಏರುತ್ತದೆ. ಮೂರನೇ ವರ್ಗದವರದು ಅಕ್ಷರ ಚಿಕ್ಕದು, ಬಂಗಾರ ಮಾತ್ರ ಒಂದೇ. ಮೇಲುಗಡೆಯ ಮೊದಲ ಹೆಸರು ನನ್ನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಾಲದ್ದು.

ಕಾಕಾ ಈ ದೇಶಕ್ಕೆ ಬಂದ ಹೊಸದರಲ್ಲಿ ಆ ಕ್ಲಬ್ಬಿನ ಅಡುಗೆಮನೆಗೆ ಐಸ್ ತಂದು ಹಾಕುವ ಕೆಲಸ ಮಾಡುತ್ತಿದ್ದರಂತೆ. ಚೀಟಿಗೆ ಸಹಿ ಬೀಳುವ ತನಕ ಹಾಲಿನಲ್ಲಿ ನಿಂತು ಆ ಹೆಸರುಗಳನ್ನು ಓದುವುದು ಅವರ ಅಭ್ಯಾಸ. "ಐಸ್ ಕರಗ್ತಿತ್ತು ತಮ್ಮಾ, ಹೆಸ್ರು ಕರಗ್ತಿರಲಿಲ್ಲ" ಅಂದರು. ಅಷ್ಟು ವರ್ಷವಾದ ಮೇಲೆ, ಅಂಗಡಿ ಒಂದು ದಡ ಸೇರಿದ ಮೇಲೆ, ನನ್ನನ್ನು ಕರೆದುಕೊಂಡು ಮತ್ತೆ ಅದರ ಮುಂದೆ ಹೋಗಿ ನಿಂತರು.

ಅಲ್ಲೊಬ್ಬ ಹಿರಿಯರಿದ್ದರು. ತಲೆಯ ಮೇಲೆ ಅಗಲವಾದ ಟೆಕ್ಸಸ್ ಹ್ಯಾಟು. ಹಾಗಾಗಿ ನಮ್ಮಿಬ್ಬರ ನಡುವೆ ಅವರು ಹ್ಯಾಟ್ ಅಜ್ಜ. ಪಂದ್ಯ ಶುರುವಾಗುವಾಗ ಆಟಗಾರರ ಹೆಸರು ಕೂಗುವವರು ಅವರೇ, ತಕರಾರು ಬಂದರೆ ನಿಯಮದ ಪುಸ್ತಕ ತೆಗೆಯುವವರೂ ಅವರೇ. ಬೋರ್ಡಿನ ಒಂದೊಂದು ಹೆಸರಿನ ಕಥೆಯೂ ಅವರ ಬಾಯಲ್ಲಿತ್ತು. ಈತ ಹಾಲಿನ ಗಾಡಿಯವನು, ಫೈನಲ್ ಗೆದ್ದು ಕಪ್ಪನ್ನು ಬಾಟಲಿಗಳ ನಡುವೆ ಇಟ್ಟುಕೊಂಡು ಮನೆಮನೆಗೆ ಹಾಲು ಹಾಕಲು ಹೋದ. ಇವರಿಬ್ಬರು ಅಣ್ಣತಮ್ಮಂದಿರು, ಮಾತು ಬಿಟ್ಟವರು. ಇಡೀ ಫೈನಲ್ ಒಂದು ಮಾತಿಲ್ಲದೆ ಆಡಿದರು, ಕೊನೆಯ ಕುಳಿಯ ಹತ್ತಿರ ತಬ್ಬಿಕೊಂಡು ಅತ್ತರು. ಇಲ್ಲಿ ಖಾಲಿ ಬಿಟ್ಟಿರುವುದು ಯುದ್ಧದ ವರ್ಷಗಳು. ಇಗೋ ಈತ, ಮೈಬಣ್ಣದ ಕಾರಣಕ್ಕೆ ಬೇರೆಯವರ ಚೀಲ ಹೊರಲು ಮಾತ್ರ ಇವನನ್ನು ಒಳಗೆ ಬಿಡುತ್ತಿದ್ದರು. ಆಡಲು ಬಿಟ್ಟ ಮೊದಲ ವರ್ಷವೇ ಹೆಸರು ಬೋರ್ಡಿಗೆ ಬಂತು.

ನನಗೆ ಮೈಮೇಲೆ ಮುಳ್ಳೆದ್ದವು. ಗಾಲ್ಫ್ ಎಂದರೆ ದುಡ್ಡಿದ್ದವರು ಹೊತ್ತು ಕಳೆಯುವುದು ಅಂದುಕೊಂಡಿದ್ದ ನಾನು ಆ ಖಾಲಿ ಜಾಗದ ಮುಂದೆ ಬಾಯಿ ಮುಚ್ಚಿ ನಿಂತೆ. ಕಾಕಾ ಅಂತೂ ಕೈಮುಗಿದುಕೊಂಡೇ ನಿಂತಿದ್ದರು. ಕಥೆ ಮುಗಿಸಿದ ಹ್ಯಾಟ್ ಅಜ್ಜ ಕೆಳಗೆ ನೋಡಿದರು. ಬಾಗಿಲ ಪಕ್ಕದಲ್ಲಿ ಕಾಕಾನ ಬೂಟು, ಅದರ ಮೇಲೆ ನೀಟಾಗಿ ಮಡಿಸಿದ ಕಾಲುಚೀಲ.

"ಈ ಬೋರ್ಡಿನ ಮುಂದೆ ಹ್ಯಾಟು ತೆಗೆದವರನ್ನು ಬಹಳ ಜನ ನೋಡಿದ್ದೇನೆ, ಬೂಟು ತೆಗೆದವರು ನೀವೇ ಮೊದಲು" ಅಂದರು. ಆಮೇಲೆ ಮೆಲ್ಲಗೆ, "ಈಗ ಹಾಕಿಕೊಳ್ಳಿ. ಬರಿಗಾಲಲ್ಲಿ ಬಂದವರಿಗೆ ಇಲ್ಲಿ ಕಾಫಿ ಕೊಡುವಂತಿಲ್ಲ."

೨. ಫ್ಯಾನ್ ಕೊಡಿಸುತ್ತೇನೆ

ಆ ಕಾಫಿ ಕುಡಿಯುತ್ತಲೇ ಕಾಕಾ ಮೆಲ್ಲಗೆ ವಿಷಯಕ್ಕೆ ಬಂದರು. ನಮ್ಮ ಕಡೆಯ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆಸುತ್ತಾರಲ್ಲ, ಬೆಳಕಿಗಿಂತ ಹೆಸರೇ ಜಾಸ್ತಿ ಕಾಣುವ ಹಾಗೆ. ಫ್ಯಾನಿನ ಮೂರು ರೆಕ್ಕೆಗೂ ಹೆಸರು. ಫ್ಯಾನ್ ತಿರುಗಿದರೆ ಓದಲಾಗುವುದಿಲ್ಲ ಅಂತ ಸ್ವಿಚ್ ಹಾಕಲು ಬಿಡದ ದಾನಿಗಳನ್ನೂ ನಾನು ಕಂಡಿದ್ದೇನೆ. ಕಾಕಾನ ತಲೆಯಲ್ಲಿದ್ದದ್ದು ಆ ದಾರಿ.

"ಈ ಹಾಲ್‌ನಾಗ ಭಾಳ ಸೆಖಿ ಐತಿ ಅಂತ ಹೇಳು ಅವ್ರಿಗೆ. ನಾಕು ಫ್ಯಾನ್ ಕೊಡಸ್ತೀನಿ. ಬೋರ್ಡಿಗೆ ಸಾಗವಾನಿ ಚೌಕಟ್ಟು ಹಾಕಸ್ತೀನಿ. ಮೂಲ್ಯಾಗ ಒಂದ್ ಸಣ್ಣ ಹೆಸ್ರು, ಅಷ್ಟ."

ನಾನು ನಾಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದೆ. ಹ್ಯಾಟ್ ಅಜ್ಜ ಬೇಸರ ಮಾಡಿಕೊಳ್ಳಲಿಲ್ಲ. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಹೊರಗೆ ತೋರಿಸಿದರು. ಬೆಳಗಿನ ಬಿಸಿಲಲ್ಲಿ ಹಸಿರು ಜಮಖಾನೆ ಹಾಸಿದ ಹಾಗೆ ಮೈದಾನ. "ಹಿಂದೊಬ್ಬ ಎಣ್ಣೆ ಸಾಹುಕಾರನಿಗೂ ಆ ಬೋರ್ಡಿನ ಮೇಲೆ ಹೆಸರು ಬೇಕಾಗಿತ್ತು. ಹದಿನೆಂಟು ಕುಳಿಗೂ ಹೊಸ ಹುಲ್ಲು ಹಾಕಿಸಿಕೊಟ್ಟ. ನೋಡಿ, ಎಷ್ಟು ಚೆನ್ನಾಗಿದೆ."

"ಭಾಳ ಚಂದ ಐತ್ರಿ. ಅವನ ಹೆಸ್ರೇನು?" ಕಾಕಾ ಕೇಳಿದರು.

"ಯಾರಿಗೂ ಗೊತ್ತಿಲ್ಲ" ಅಂದರು ಹ್ಯಾಟ್ ಅಜ್ಜ. "ಅವನು ಗೆಲ್ಲಲಿಲ್ಲವಲ್ಲ."

ವಾಪಸ್ ಬಂದು ಸ್ಟಾಫರ್ಡ್‌ನಲ್ಲಿ ಕಾರು ಇಳಿಯುತ್ತಾ ಕಾಕಾ, "ಹಂಗಾದ್ರ ಆಡೂದ ಆತು" ಅಂದರು. ಆಗ ಅವರಿಗೆ ಐವತ್ತೆಂಟು. ಜೀವನದಲ್ಲಿ ಒಮ್ಮೆಯೂ ಗಾಲ್ಫ್ ಕೋಲು ಮುಟ್ಟಿದವರಲ್ಲ.

೩. ತಲೆ ತಗ್ಗಿಸುವ ವಿದ್ಯೆ

ಕಲಿಸುವವರು ಬೇಕಲ್ಲ. ಕಾಕಾನ ಮಗಳು ಆಸ್ಟಿನ್ ಹತ್ತಿರ ಸೀಡರ್ ಪಾರ್ಕಿನಲ್ಲಿದ್ದಳು, ಚಿಪ್ ಕಂಪನಿಯಲ್ಲಿ ಇಂಜಿನಿಯರ್. ಹೈಸ್ಕೂಲಿನಲ್ಲಿ ಗಾಲ್ಫ್ ತಂಡದಲ್ಲಿ ಆಡಿದವಳು. ಆಗ ಅವಳ ಒಂದು ಪಂದ್ಯಕ್ಕೂ ಅಂಗಡಿ ಬಿಟ್ಟು ಹೋಗದಿದ್ದ ಅಪ್ಪ ಈಗ ತಿಂಗಳಿಗೆರಡು ಸಲ ಮೂರು ಮೂರು ಗಂಟೆ ಡ್ರೈವ್ ಮಾಡಿಕೊಂಡು ಅವಳ ಹತ್ತಿರ ಪಾಠಕ್ಕೆ ಹೋಗತೊಡಗಿದರು. ಅವಳೂ ಹಳೇ ಬಾಕಿ ತೀರಿಸಿಕೊಂಡಳು ಅನ್ನಿ.

"ಅಪ್ಪಾ, ಕೀಪ್ ಯುವರ್ ಹೆಡ್ ಡೌನ್! ಎಷ್ಟ್ ಸಲ ಹೇಳ್ಬೇಕು?"

"ತಲಿ ತಗ್ಗಸೂದು ಆಗೂದಿಲ್ಲವ್ವಾ. ಹುಬ್ಬಳ್ಳಿಯಿಂದ ಇಲ್ಲೀತನಾ ಯಾರ ಮುಂದೂ ತಗ್ಗಿಸಿದಾಂವ ಅಲ್ಲ ನಾ."

"ಅದಕ್ಕೇ ಬಾಲ್ ನೆಬರ್ ಪೂಲ್‌ನಾಗ ಹೊಂಟೈತಿ!"

ಆ ಪಕ್ಕದ ಮನೆಯವರು ಪುಣ್ಯವಂತರು. ನಾವು ಹೋದ ಪ್ರತಿ ಭಾನುವಾರ ಸಂಜೆ ಬಕೆಟಿನಲ್ಲಿ ಚೆಂಡು ತುಂಬಿಕೊಂಡು ಬಂದು ಬಾಗಿಲು ತಟ್ಟುತ್ತಿದ್ದರು. ಹೀಗೇ ಒಂದು ವರ್ಷ ಹೋಯಿತು. ಕೊನೆಗೊಂದು ದಿನ ಮಗಳಿಗೆ ಏನೋ ಹೊಳೆಯಿತು. ಅವಳು ಚಿಕ್ಕವಳಿದ್ದಾಗ ಅಪ್ಪ ತಲೆ ತಗ್ಗಿಸಿ, ಉಸಿರು ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದದ್ದು ಒಂದನ್ನೇ: ಅಂಗಡಿಯ ತಕ್ಕಡಿ.

"ಅಪ್ಪಾ, ಅದು ಬಾಲ್ ಅಲ್ಲ. ತಕ್ಕಡಿ ಮುಳ್ಳು ಅಂತ ತಿಳ್ಕೋ."

ಕಾಕಾ ತಲೆ ತಗ್ಗಿಸಿದರು. ಕೋಲು ಎತ್ತಿ ಬೀಸಿದರು. ಚೆಂಡು ದಾರ ಹಿಡಿದು ಎಳೆದ ಹಾಗೆ ನೇರ ಹೋಗಿ ಹಿತ್ತಲಲ್ಲಿ ಗುರಿಗೆಂದು ನೆಟ್ಟಿದ್ದ ಬಾವುಟದ ಹತ್ತಿರ ಬಿತ್ತು. ನಾವಿಬ್ಬರೂ ಬಾಯಿಬಿಟ್ಟುಕೊಂಡು ನೋಡಿದೆವು. ಆ ಮನುಷ್ಯ ನಿಜಕ್ಕೂ ಆಡಬಲ್ಲರು ಅಂತ ನನಗೆ ಅನಿಸಿದ್ದು ಆವತ್ತು. ಒಂದೇ ತೊಂದರೆ. ಹೊಡೆದು ತಲೆ ಎತ್ತಿದ ಕೂಡಲೇ, ಮೂವತ್ತು ವರ್ಷದ ರೂಢಿ ನೋಡಿ, ಎದುರಿಗಿದ್ದವರನ್ನು ಕೇಳಿಬಿಡುತ್ತಿದ್ದರು: "ಮತ್ತೇನ್ ಬೇಕ್ರಿ?"

೪. ಗಿರಮಿಟ್ಟಿನ ಸದ್ದು

ಮೊದಲ ವರ್ಷ ಚಾಂಪಿಯನ್‌ಶಿಪ್ಪಿಗೆ ಹೆಸರು ಕೊಟ್ಟಾಗ ಅಂಗಡಿಯ ಗಿರಾಕಿಗಳೆಲ್ಲ ನೋಡಲು ಬಂದರು. ಹತ್ತು ಹನ್ನೆರಡು ಸಂಸಾರ, ಮಡಚುವ ಕುರ್ಚಿ, ಛತ್ರಿ. ಕಾಕು ದೊಡ್ಡ ಡಬ್ಬಿಯಲ್ಲಿ ಗಿರಮಿಟ್ ಕಲಸಿ ತಂದಿದ್ದರು: ಮಂಡಕ್ಕಿ, ಈರುಳ್ಳಿ, ಹುಣಸೆ ಗೊಜ್ಜು, ಮೇಲೆ ಗರಿಗರಿ ಸೇವು. ಕ್ರಿಕೆಟ್ ನೋಡಿ ಬೆಳೆದ ನಮಗೆ ಆಟ ಅಂದರೆ ಬಾಯಾಡಿಸಲೇಬೇಕು.

ಎದುರಾಳಿ ಎತ್ತರದ ಒಬ್ಬ ಪೋಸ್ಟ್‌ಮ್ಯಾನ್. ಚೆಂಡನ್ನು ಕುಳಿಗೆ ತಳ್ಳಲು ಬಗ್ಗಿದ. ಆಗ ಆ ಮೈದಾನದಲ್ಲಿ ಒಂದು ಮೌನ ಬರುತ್ತದೆ. ಮೊದಲ ಸಲ ಕೇಳಿದಾಗ ನನಗೆ ಗಾಬರಿಯೇ ಆಗಿತ್ತು, ಅಷ್ಟು ದೊಡ್ಡದು. ಓಕ್ ಮರದ ಎಲೆಯೂ ಅಲ್ಲಾಡುವುದಿಲ್ಲ. ಆ ಮೌನದ ಮಧ್ಯೆ ಕರುಂ, ಕರುಂ, ಕರುಂ ಅಂತ ಹನ್ನೆರಡು ಸಂಸಾರದ ದವಡೆಗಳು.

ಪೋಸ್ಟ್‌ಮ್ಯಾನ್ ನಿಂತ. ತಿರುಗಿ ನೋಡಿದ. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ನುಂಗುವಂತಿಲ್ಲ, ಉಗುಳುವಂತಿಲ್ಲ, ಕೆನ್ನೆ ಉಬ್ಬಿಸಿಕೊಂಡು ಕೂತ ಆ ಸಾಲು ನೋಡಿ ನನಗೆ ನಗು ಒತ್ತಿಕೊಂಡು ಬಂತು. ಚೀಲದೊಳಗೆ ಮುಖ ಹುದುಗಿಸಿದೆ. ಅವನು ಮತ್ತೆ ಬಗ್ಗಿದ, ತಪ್ಪಿದ. ಕಾಕಾಗೆ ಅನ್ಯಾಯ ಅನಿಸಿತು. ಆ ಕುಳಿ ಮುಗಿದ ಮೇಲೆ ತಾವೇ ಹೋಗಿ ಕ್ಷಮೆ ಕೇಳಿ, ಒಂದು ಬಟ್ಟಲು ಗಿರಮಿಟ್ ಅವನ ಕೈಗೆ ಕೊಟ್ಟು ಬಂದರು.

ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಇನ್ನೊಂದು ಬಟ್ಟಲು ಕೇಳಿ ಹಾಕಿಸಿಕೊಂಡ. ಆಮೇಲೆ ಕಾಕಾ ಚೆಂಡು ತಳ್ಳಲು ಬಗ್ಗಿದಾಗಲೆಲ್ಲ ಹಿಂದಿನಿಂದ ಕರುಂ, ಕರುಂ. ಕಾಕಾ ಸೋತರು. ಕಾಕು ಖಾಲಿ ಡಬ್ಬಿ ಮುಚ್ಚುತ್ತಾ, "ಇನ್ನ ಮ್ಯಾಲೆ ಬರೇ ಬಾಳಿಹಣ್ಣು" ಅಂದರು.

೫. ಇರ್ಲಿ ಬಿಡ್ರಿ

ಮುಂದಿನ ವರ್ಷ ಮೂರು ಪಂದ್ಯ ಗೆದ್ದು ಸೆಮಿಫೈನಲ್ಲಿಗೆ ಬಂದರು. ಎದುರಾಳಿ ಡಲ್ಲಾಸ್‌ನಿಂದ ಶಿಫ್ಟ್ ಆಗಿ ಬಂದ ಹಲ್ಲಿನ ಡಾಕ್ಟರು, ಮೆದು ಮಾತಿನ ಮನುಷ್ಯ. ಆ ಪಂದ್ಯದಲ್ಲಿ ಕಾಕಾನನ್ನು ಸೋಲಿಸಿದ್ದು ಡಾಕ್ಟರಲ್ಲ, ನಮ್ಮ ಉಪಚಾರ.

ಕಡಿಮೆ ಹೊಡೆತಕ್ಕೆ ಚೆಂಡು ಹಾಕಿದವರಿಗೆ ಆ ಕುಳಿ, ಹೆಚ್ಚು ಕುಳಿ ಗೆದ್ದವರಿಗೆ ಪಂದ್ಯ. ಇದರಲ್ಲಿ ಒಂದು ಪದ್ಧತಿಯಿದೆ. ಎದುರಾಳಿಯ ಚೆಂಡು ಕುಳಿಗೆ ಒಂದು ಗೇಣಿನಷ್ಟು ಹತ್ತಿರ ಇದ್ದರೆ, ಇನ್ನು ಹೊಡೆಯುವುದು ಬೇಡ, ಬಿದ್ದಂತೆಯೇ ಲೆಕ್ಕ ಅಂತ ನಾವೇ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಬಹುದು. ಕಾಕಾಗೆ ಇದು ಬಹಳ ಇಷ್ಟವಾಯಿತು. ಮೊದಲ ಕುಳಿಯಲ್ಲೇ ಡಾಕ್ಟರ ಚೆಂಡು ಒಂದಾಳು ಉದ್ದದಷ್ಟು ದೂರ ನಿಂತಿತ್ತು. ಆ ದೂರದಿಂದ ಯಾರು ಬೇಕಾದರೂ ತಪ್ಪಬಹುದು. ಕಾಕಾ ನಗುನಗುತ್ತಾ ಕೈ ಬೀಸಿದರು. "ಇರ್ಲಿ ಬಿಡ್ರಿ, ಆತು ಅಂತ ತಿಳ್ಕೊಳ್ರಿ."

ಡಾಕ್ಟರು ಥ್ಯಾಂಕ್ಯೂ ಅಂತ ಚೆಂಡು ಎತ್ತಿಕೊಂಡರು.

ಕಾಕಾನ ಮುಖ ನೋಡಬೇಕಿತ್ತು. ಎರಡನೇ ಕುಳಿಯಲ್ಲೂ ಅದೇ, ಐದನೆಯದರಲ್ಲೂ ಅದೇ. ನಾನು ಪಕ್ಕಕ್ಕೆ ಎಳೆದು, "ಕಾಕಾ, ಯಾಕೆ ಹೀಗೆ ಬಿಟ್ಟುಕೊಡ್ತಿದ್ದೀರಿ?" ಅಂದೆ.

"ನಾ ಎಲ್ಲಿ ಬಿಟ್ಟಕೊಟ್ಟೆ? ಬಾಯಿಮಾತಿಗೆ ಅಂದೆ! ಆಂವ ಬ್ಯಾಡ ಬ್ಯಾಡ ಅನ್ನಬೇಕು. ನಾ ಮತ್ತ ಇರ್ಲಿ ಅನ್ನಬೇಕು. ಆಂವ ಎದಿ ಮ್ಯಾಲೆ ಕೈ ಇಟ್ಕೊಂಡು ಛೇ ಛೇ, ಹೊಡೀತೀನ್ರಿ ಅನ್ನಬೇಕು. ಮೂರ್ ಸಲ ಅನ್ನದ ಯಾರರ ತಗೊಂತಾರೇನು? ಬೀಗರ ಮನ್ಯಾಗ ಎರಡನೇ ಸಲ ಅನ್ನ ನೀಡಾಕ ಬಂದ್ರ ಒಮ್ಮಿಗೇ ಹೂಂ ಅಂತೀಯೇನು ನೀ?"

"ಕಾಕಾ, ಇವರಿಗೆ ಅದು ಗೊತ್ತಿಲ್ಲ. ಸುಮ್ಮನಿದ್ದುಬಿಡಿ."

"ಎದುರಿಗೆ ನಿಂತ ಮನಷ್ಯಾಗ ಒಂದ್ ಮಾತು ಅನ್ನದ ಹೆಂಗಿರೂದೋ?"

ಇರಲಾಗಲಿಲ್ಲ. ಅಂದರು, ಅಂದರು, ಅನ್ನುತ್ತಲೇ ಸೋತರು. ಆಮೇಲೆ ಡಾಕ್ಟರು ನನ್ನ ಹತ್ತಿರ ಬಂದು, ನನ್ನ ಇಷ್ಟು ವರ್ಷದ ಆಟದಲ್ಲಿ ಇಂಥ ಸಜ್ಜನರನ್ನು ಕಂಡಿಲ್ಲ ಅಂದರು. ಕಣ್ಣು ಒದ್ದೆಯಾಗಿತ್ತು. ಮನೆಯಲ್ಲಿ ಸುದ್ದಿ ಹೇಳಿದಾಗ ಕಾಕು ಹಣೆ ಚಚ್ಚಿಕೊಂಡರು. "ನಲವತ್ತ ವರ್ಷದಾಗ ನನಗ ಒಂದ್ ಮಾತು ಬಿಟ್ಟಕೊಟ್ಟಿಲ್ಲ. ಅಲ್ಲಿ ಹೋಗಿ ಕುಳಿಗಟ್ಟಲೆ ಬಿಟ್ಟಕೊಟ್ಟು ಬಂದಾರ!"

೬. ಉದ್ದೇಶವೇನು?

ಅದರ ಮರುವರ್ಷ ಕಾಕಾನ ಮೊಣಕಾಲು ಕೈಕೊಟ್ಟಿತು, ಆಡಲಾಗಲಿಲ್ಲ. ಐದನೇ ವರ್ಷ ಮೂಳೆ ಡಾಕ್ಟರು ಪರೀಕ್ಷೆ ಮಾಡಿ, ಈ ಸಲ ಬೇಕಾದರೆ ಆಡಿ, ಇದರ ಮೇಲೆ ಇಲ್ಲ ಅಂದರು. ಅಂದರೆ ಹೆಸರು ಬೋರ್ಡಿಗೆ ಏರಿದರೆ ಈ ವರ್ಷ, ಇಲ್ಲದಿದ್ದರೆ ಯಾವತ್ತೂ ಇಲ್ಲ. ಕಾಕಾ ಹಲ್ಲು ಕಚ್ಚಿ ಆಡಿದರು. ಬಾಯಿಗೆ ಒಂದು ಏಲಕ್ಕಿ ಹಾಕಿಕೊಂಡು ಮೌನ ಹಿಡಿದರು, ಯಾರಿಗೂ ಇರ್ಲಿ ಬಿಡ್ರಿ ಅನ್ನಲಿಲ್ಲ. ಮೂರನೇ ವರ್ಗದ ಫೈನಲ್ಲಿಗೆ ಬಂದರು.

ಫೈನಲ್ ಬಿದ್ದದ್ದು ವಿಜಯದಶಮಿಯ ದಿನ. ಎದುರಾಳಿ ನಿವೃತ್ತ ಸ್ಕೂಲ್ ಬಸ್ ಡ್ರೈವರ್, ನಗುಮುಖದ ಮನುಷ್ಯ. ಹದಿನೇಳು ಕುಳಿ ಮುಗಿದಾಗ ಇಬ್ಬರೂ ಸಮ ಸಮ. ಕೊನೆಯ ಕುಳಿ. ಕಾಕಾನ ಚೆಂಡು ಹೋಗಿ ಮರಳುಗುಂಡಿಯಲ್ಲಿ ಕೂತಿತು. ಮರಳಿನಿಂದ ಎತ್ತಲೆಂದೇ ಒಂದು ಅಗಲ ಮುಖದ ಕೋಲಿದೆ. ಆವತ್ತೆಲ್ಲ ಅದು ಬೇಕಾಗಿರಲಿಲ್ಲ. ಚೀಲದಿಂದ ಎಳೆದು, ನೋಡದೆ ಕೈಗೆ ಕೊಟ್ಟೆ. ಕಾಕಾ ಬೀಸಿದರು. ಮರಳು ಚಿಮ್ಮಿತು, ಚೆಂಡು ಮೇಲೆದ್ದು ಕುಳಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತಿತು. ಅಂಥ ಹೊಡೆತ ಅವರ ಕೈಯಿಂದ ನಾನು ಕಂಡಿರಲಿಲ್ಲ.

ಬಸ್ ಡ್ರೈವರ್ ಬಗ್ಗಿ ನೋಡಿ, "ಸಾರ್, ನಿಮ್ಮ ಚೆಂಡಿಗೆ ರಕ್ತ ಬಂದಿದೆ" ಅಂದ.

ಚೆಂಡಿನ ಮೇಲೆ ಕೆಂಪು. ಕೋಲು ತಿರುಗಿಸಿ ನೋಡಿದೆ. ಅದರ ಮುಖದ ಮೇಲೆ ಅಡ್ಡಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕಾಸಿನಗಲ ಕುಂಕುಮ. ಹಿಂದಿನ ದಿನ ಆಯುಧ ಪೂಜೆ. ಕಾಕು ಮಿಕ್ಸಿ, ಕಾರಿನ ಕೀ, ತಕ್ಕಡಿ ಎಲ್ಲ ಇಟ್ಟು, ಗಾಲ್ಫ್ ಚೀಲದಿಂದಲೂ ಕೈಗೆ ಸಿಕ್ಕ ಒಂದು ಕೋಲು ಎಳೆದು ಪೂಜೆ ಮಾಡಿ, ಮತ್ತೆ ಚೀಲಕ್ಕೆ ಸೇರಿಸಿದ್ದರು. ಅದು ಕಾಕಾಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹ್ಯಾಟ್ ಅಜ್ಜ ಬಂದರು. ಕನ್ನಡಕ ಹಾಕಿ ನೋಡಿದರು, ಮೂಸಿದರು, ನಿಯಮದ ಪುಸ್ತಕ ತೆಗೆದರು. ಚೆಂಡಿನ ಓಟಕ್ಕೆ ಸಹಾಯವಾಗಲಿ ಎಂಬ ಉದ್ದೇಶದಿಂದ ಕೋಲಿನ ಮುಖಕ್ಕೆ ಏನನ್ನೂ ಹಚ್ಚುವಂತಿಲ್ಲ. ಹಚ್ಚಿದ್ದರೆ ಆಟಗಾರ ನೇರ ಹೊರಗೆ.

"ಇದನ್ನು ಹಚ್ಚಿದ ಉದ್ದೇಶವೇನು?" ಕೇಳಿದರು.

ಸುಮ್ಮನೆ ಸಂಪ್ರದಾಯ ಅಂದರೆ ಮುಗಿದುಹೋಗುತ್ತಿತ್ತು. ಆದರೆ ಕಾಕಾ ಅಂಗಡಿಯಲ್ಲಿ ಒಂದು ದಿನವೂ ತೂಕದಲ್ಲಿ ಸುಳ್ಳು ಹೇಳಿದವರಲ್ಲ. "ಮತ್ಯಾಕ ಹಚ್ತಾರ್ರಿ? ಚೆಂಡು ಚಲೋ ಹೋಗ್ಲಿ ಅಂತನ" ಅಂದುಬಿಟ್ಟರು. ನಾನು ತಲೆ ಮೇಲೆ ಕೈಹೊತ್ತುಕೊಂಡೇ ಅನುವಾದ ಮಾಡಿದೆ.

ಹ್ಯಾಟ್ ಅಜ್ಜನ ಮುಖ ಬಾಡಿತು. ಅವರಿಗೂ ಕಾಕಾ ಅಂದರೆ ಇಷ್ಟ. ಸ್ವಲ್ಪ ಯೋಚಿಸಿ, "ಹಚ್ಚಿದ್ದು ನೀವೇನಾ?" ಅಂದರು.

"ಅಲ್ರಿ, ನಮ್ಮ ಮನಿಯಾಕಿ."

"ಹಾಗಾದರೆ ಉದ್ದೇಶ ಅವರದ್ದು. ಅವರನ್ನೇ ಕೇಳಬೇಕು."

ಹಬ್ಬದ ಅಡುಗೆಗೆ ಅಂತ ಮನೆಯಲ್ಲೇ ಉಳಿದಿದ್ದ ಕಾಕುಗೆ ನಾನು ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಕಾಕು, ನಿನ್ನೆ ಕಾಕಾನ ಕೋಲಿಗೆ ಪೂಜೆ ಮಾಡಿದಿರಲ್ಲ, ಏನು ಬೇಡಿಕೊಂಡಿರಿ? ಇದ್ದದ್ದು ಇದ್ದ ಹಾಗೆ ಹೇಳಿ. ಎಲ್ಲಾ ಅದರ ಮೇಲೇ ನಿಂತಿದೆ."

ಆ ಕಡೆಯಿಂದ ಸಣ್ಣ ದನಿ. "ಇವ್ರು ಸೋಲ್ಲಿ ಅಂತ ಬೇಡ್ಕೊಂಡೆಪ್ಪಾ. ಸೋತ್ರ ಈ ಹುಚ್ಚು ಬಿಡ್ತೈತಿ. ಮೊಣಕಾಲರ ಉಳೀತಾವು. ರಾತ್ರಿ ಎಲ್ಲಾ ನರಳ್ತಾರ, ನನಗ ನೋಡಾಕ ಆಗೂದಿಲ್ಲ."

ಕಾಕಾ ಕೇಳಿಸಿಕೊಂಡರು. ನಾನು ಅನುವಾದ ಮಾಡಿದೆ. ಫೋನನ್ನು ಜೇಬಿಗೆ ಹಾಕಿಕೊಂಡೆ. ಹ್ಯಾಟ್ ಅಜ್ಜ ಹ್ಯಾಟು ತೆಗೆದು ತಲೆ ಕೆರೆದುಕೊಂಡರು. ಈ ಚಾಂಪಿಯನ್‌ಶಿಪ್ಪಿನ ಇಷ್ಟು ವರ್ಷದ ಕಥೆಯಲ್ಲಿ ಇಂಥದ್ದು ಬಂದಿರಲಿಲ್ಲ.

"ಚೆಂಡಿಗೆ ಸಹಾಯ ಮಾಡಲು ಏನೂ ಹಚ್ಚಬಾರದು ಅನ್ನುತ್ತದೆ ನಿಯಮ. ಈ ತಾಯಿ ಹಚ್ಚಿದ್ದು ಗಂಡನನ್ನು ತಡೆಯಲು. ಅದಕ್ಕೆ ಈ ಪುಸ್ತಕದಲ್ಲಿ ನಿಯಮವಿಲ್ಲ. ಆಟ ಮುಂದುವರಿಯಲಿ" ಅಂದರು. ಬಸ್ ಡ್ರೈವರನ ಕಡೆ ನೋಡಿ, "ನಿಮ್ಮ ಆಕ್ಷೇಪಣೆ?" ಅಂದರು.

"ಏನೂ ಇಲ್ಲ. ಆಕೆ ನನ್ನ ಪರವಾಗಿ ಬೇಡಿಕೊಂಡಿದ್ದಾರೆ" ಅಂದ ಅವನು.

ಅವನು ಆಡಿದ, ತಪ್ಪಿದ. ಇನ್ನೊಂದು ಹೊಡೆತಕ್ಕೆ ಮುಗಿಸಿದ. ಈಗ ಹತ್ತು ಹೆಜ್ಜೆ ದೂರದ ಆ ಚೆಂಡನ್ನು ಕಾಕಾ ಒಂದೇ ಹೊಡೆತಕ್ಕೆ ಕುಳಿಗೆ ಹಾಕಿದರೆ ಗೆದ್ದಂತೆ. ತಪ್ಪಿದರೆ ಮತ್ತೆ ಸಮ, ಒಬ್ಬರು ಗೆಲ್ಲುವ ತನಕ ಇನ್ನೂ ಕುಳಿ ಆಡುತ್ತಾ ಹೋಗಬೇಕು. ಆ ಮೊಣಕಾಲಿನಲ್ಲಿ ಅದು ಆಗದ ಮಾತು. ಮೈದಾನದ ಆ ದೊಡ್ಡ ಮೌನ ಬಂತು. ಕಾಕಾ ಬಗ್ಗಿದರು. ಹೊಡೆಯಲಿಲ್ಲ. "ನನ್ನ ಪಾಲಿಗೆ ಇದ್ದಾಕಿ ಅಕಿ ಒಬ್ಬಾಕಿ" ಅಂತ ತಮಗೆ ತಾವೇ ಅಂದುಕೊಂಡದ್ದು ನನಗೆ ಕೇಳಿಸಿತು.

ಆಗ ನನ್ನ ಜೇಬು ಮಾತಾಡಿತು. ಗಡಿಬಿಡಿಯಲ್ಲಿ ಫೋನು ಕಟ್ ಮಾಡಿರಲಿಲ್ಲ.

"ಏ ತಮ್ಮಾ, ಅದೀಯೇನು? ಅವ್ರಿಗೆ ಹೇಳು. ದೇವ್ರ ಮುಂದ ಮತ್ತ ದೀಪ ಹಚ್ಚೇನಿ. ನಿನ್ನಿ ಬೇಡ್ಕೊಂಡಿದ್ದು ವಾಪಸ್ ತಗೊಂಡೇನಿ. ಆ ಚೆಂಡು ಬೀಳ್ಲಿ. ಸೀದಾ ಒಳಗ ಬೀಳ್ಲಿ!"

ಕಾಕಾ ಬಗ್ಗಿದಲ್ಲೇ ಮುಖ ತಿರುಗಿಸಿ ನನ್ನನ್ನು ನೋಡಿದರು. ಹ್ಯಾಟ್ ಅಜ್ಜನೂ ನೋಡಿದರು. "ಆಕೆ ಏನು ಹೇಳುತ್ತಿದ್ದಾರೆ?"

ಹಚ್ಚಿದಾಗಿನ ಉದ್ದೇಶ ತಾನೇ ಲೆಕ್ಕ, ಆಮೇಲೆ ಬದಲಾದದ್ದು ಲೆಕ್ಕಕ್ಕಿಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಆದರೂ ಬಾಯಿಂದ ನಿಜ ಹೊರಡಲಿಲ್ಲ. "ಹಬ್ಬದ ಹೋಳಿಗೆ ಬಿಸಿ ಮಾಡಲಾ ಅಂತ ಕೇಳುತ್ತಿದ್ದಾರೆ" ಅಂದೆ. ಫೋನ್ ಕಟ್ ಮಾಡಿದೆ.

ಹ್ಯಾಟ್ ಅಜ್ಜ ತಲೆದೂಗಿದರು. ಕಾಕಾ ಕಣ್ಣು ಒರೆಸಿಕೊಂಡು, ತಲೆ ತಗ್ಗಿಸಿ, ಹೊಡೆದರು. ಚೆಂಡು ಹುಲ್ಲಿನ ಮೇಲೆ ಸೊಟ್ಟಗೆ ಹೊರಟು, ತಾನೇ ದಾರಿ ತಿದ್ದಿಕೊಂಡು, ಕುಳಿಯ ಅಂಚಿಗೆ ಬಂದು ಒಂದು ಕ್ಷಣ ನಿಂತು, ಬಿತ್ತು.

ಎರಡು ವಾರ ಬಿಟ್ಟು ಪೇಂಟರ್ ಬಂದು ಬೋರ್ಡಿನ ಮೇಲೆ ಕಾಕಾನ ಹೆಸರು ಬರೆದ. ಹಾಲಿನ ಗಾಡಿಯವನು, ಮಾತು ಬಿಟ್ಟ ಅಣ್ಣತಮ್ಮಂದಿರು, ಚೀಲ ಹೊತ್ತವನು, ಅವರೆಲ್ಲರ ಕೆಳಗೆ ಒಬ್ಬ ಹುಬ್ಬಳ್ಳಿಯವನು. ಕಾಕಾ, ಕಾಕು, ಮಗಳು, ನಾನು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತೆವು. ಅಲ್ಲಿಂದ ಹ್ಯಾಟ್ ಅಜ್ಜನನ್ನು ಕರೆದುಕೊಂಡು ಕಾಕಾನ ಮನೆಗೆ ಊಟಕ್ಕೆ ಹೋದೆವು. ಕಾಕು ಮತ್ತೆ ಹೋಳಿಗೆ ಮಾಡಿದ್ದರು. ಹ್ಯಾಟ್ ಅಜ್ಜ ಮೂರು ತಿಂದು, ಸಂತೋಷ ತಡೆಯಲಾರದೆ ಕಾಕುಗೆ ಹೇಳಿದರು:

"ಎಂಥ ಗಳಿಗೆಯಲ್ಲಿ ನೀವು ಈ ಹೋಳಿಗೆ ಬಿಸಿ ಮಾಡಲಾ ಅಂತ ಕೇಳಿದಿರಿ ತಾಯಿ! ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಇನ್ನು ಅದೂ ಚಾಂಪಿಯನ್‌ಶಿಪ್ಪಿನ ಇತಿಹಾಸ."

"ಹೋಳಿಗೆನಾ?" ಕಾಕು ಸ್ವಚ್ಛ ಇಂಗ್ಲಿಷಿನಲ್ಲಿ ಅಂದರು. "ನಾನೆಲ್ಲಿ ಹೋಳಿಗೆ ಮಾತೆತ್ತಿದೆ? ಮೊದಲು ಬೇಡಿಕೊಂಡದ್ದನ್ನು ವಾಪಸ್ ತಗೊಂಡೆ, ಚೆಂಡು ಒಳಗೆ ಬೀಳಲಿ ಅಂತ ದೇವರನ್ನು ಬೇಡಿಕೊಂಡೆ. ಅದನ್ನೇ ಹೇಳು ಅಂದಿದ್ದೆ ಈ ಹುಡುಗನಿಗೆ."

ಕಾಕಾನ ಕೈಯಲ್ಲಿದ್ದ ತುಪ್ಪದ ಚಮಚ ಅರ್ಧಕ್ಕೆ ನಿಂತಿತು. ಮಗಳು ನನ್ನನ್ನು ನೋಡಿದಳು. ನಾನು ತಟ್ಟೆಯಲ್ಲಿ ತಲೆ ಹುದುಗಿಸಿದೆ. ಹ್ಯಾಟ್ ಅಜ್ಜ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು, ಜೇಬಿನಲ್ಲಿದ್ದ ನಿಯಮದ ಪುಸ್ತಕವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ತಟ್ಟೆಯನ್ನು ಕಾಕು ಕಡೆ ಸರಿಸಿದರು.

"ಬೋರ್ಡಿನ ಬಣ್ಣ ಒಣಗಿಯಾಗಿದೆ ತಾಯಿ. ಇನ್ನೊಂದು ಹೋಳಿಗೆ ಹಾಕಿ."